ಕರೆಂಟು ಮಾರುವ ಕಂಪನಿ ದಿವಾಳಿಯಾದರೆ ಗ್ರಾಹಕನು ಮಾಡಬೇಕಾದದ್ದೇನು?

(ಸದಸ್ಯ ಶಿಕ್ಷಣ ಪಾಠ)



ಈ ಸಂಚಿಕೆಯ ಪಾಠದ ತಲೆಬರಹವನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಬೋರ್ಡೋ ಸಿಂಪರಣೆ, ಮರಗಸಿ, ಕಾಯಿಕೊರಕದ ಹತೋಟಿ ಮುಂತಾದ ವಿಷಯಗಳನ್ನು ಬಿಟ್ಟು ಕಾರ್ಯದರ್ಶಿಯವರು ಬ್ರಿಟನ್ನಿನ ಕರೆಂಟು ಬಿಲ್ಲಿನ ವಿಚಾರ ಏಕೆ ಎತ್ತಿದರು ಎಂದು ಕೇಳಿದರೆ ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ನಮ್ಮ ಸದಸ್ಯರ ಮನೆಗಳಿಂದ ಓದಿಗೋ ಉದ್ಯೋಗಕ್ಕೋ ಆ ದೇಶಕ್ಕೆ ಹೋದ ಮಕ್ಕಳು ಈಗ ಒಬ್ಬಿಬ್ಬರಲ್ಲ. ಅಲ್ಲಿ ಅವರಿಗೆ ತೊಡಕು ಬಂದಾಗ ಮೊದಲು ಫೋನು ಬರುವುದು ಇಲ್ಲಿಗೇ. ಎರಡನೆಯದಾಗಿ, ಹಣವನ್ನಾಗಲಿ ಮಾಲನ್ನಾಗಲಿ ಮುಂದಾಗಿ ಕೊಟ್ಟು ಕಾಯುವವನ ಗತಿ ಏನು ಎಂಬ ಪ್ರಶ್ನೆ ಬೆಳೆಗಾರರಾದ ನಮಗೆ ಹೊಸದಲ್ಲ.

2021ರ ಅಕ್ಟೋಬರಿನಲ್ಲಿ, ನಮ್ಮಲ್ಲಿ ಅಡಿಕೆ ಕೊಯ್ಲು ಆಗತಾನೆ ಆರಂಭವಾಗಿದ್ದ ಹೊತ್ತಿನಲ್ಲಿ, ಲೀಡ್ಸ್ ನಗರದಲ್ಲಿರುವ ನನ್ನ ಅಣ್ಣನ ಮಗಳು ಒಂದು ರಾತ್ರಿ ಫೋನು ಮಾಡಿದಳು.

"ಚಿಕ್ಕಪ್ಪ, ನಮ್ಮ ಮನೆಗೆ ಕರೆಂಟು, ಗ್ಯಾಸು ಕೊಡುತ್ತಿದ್ದ ಕಂಪನಿ ಬಾಗಿಲು ಹಾಕಿತಂತೆ. ನಾಳೆ ದೀಪ ಉರಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಮ್ಮ 214 ಪೌಂಡು ಅವರ ಹತ್ತಿರವೇ ಇದೆ. ಈ ರಾತ್ರಿಯೇ ಬೇರೆ ಕಂಪನಿಗೆ ಬದಲಾಯಿಸಿಬಿಡಲೇ?" ಎಂದಳು.

214 ಪೌಂಡು ಎಂದರೆ ಆಗಿನ ಲೆಕ್ಕದಲ್ಲಿ ಇಪ್ಪತ್ತೊಂದು ಸಾವಿರ ರೂಪಾಯಿಗೆ ಮೇಲಾಯಿತು. ಮನೆಯಲ್ಲಿ ಎಂಟು ತಿಂಗಳ ಕೂಸು, ಹೊರಗೆ ಚಳಿ ಏರುತ್ತಿರುವ ಕಾಲ. "ತಡಿ ಪುಟ್ಟಿ, ಆತುರ ಬೇಡ. ಮೊದಲು ಮೀಟರಿನ ಹತ್ತಿರ ಹೋಗಿ ಅಂಕಿ ಬರೆದಿಟ್ಟುಕೋ" ಎಂದು ಹೇಳಿದೆ. ಆಗ ನನಗೆ ಅಲ್ಲಿನ ಕಾನೂನು ತಿಳಿದಿರಲಿಲ್ಲ. ಹಾಗೆ ಹೇಳಿಸಿದ್ದು ನನ್ನ ಹಳೆಯ ಅನುಭವ. ಅದನ್ನು ಪಾಠದ ಕೊನೆಯಲ್ಲಿ ಹೇಳುತ್ತೇನೆ. ಆಮೇಲೆ ವಿಷಯವನ್ನು ಕೂತು ಓದಿದೆ. ಓದಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದೆ.

ತಂತಿ ಒಬ್ಬರದು, ಬಿಲ್ಲು ಇನ್ನೊಬ್ಬರದು

ನಮ್ಮ ಮನೆಗಳಿಗೆ ಊರಿನ ಮೇಲೆ ಹೊಂದಿಕೊಂಡು ಮೆಸ್ಕಾಂ ಅಥವಾ ಸೆಸ್ಕ್ ಕರೆಂಟು ಕೊಡುತ್ತದೆ. ಕಂಬ, ತಂತಿ, ಮೀಟರು, ಬಿಲ್ಲು ಎಲ್ಲವೂ ಒಂದೇ ಸಂಸ್ಥೆಯದು. ಬೇಡವೆಂದರೆ ಇನ್ನೊಂದಕ್ಕೆ ಹೋಗುವ ಅವಕಾಶ ಮನೆಯ ಗ್ರಾಹಕನಿಗಿಲ್ಲ. ಬ್ರಿಟನ್ನಿನಲ್ಲಿಯೂ ಹಿಂದೆ ಪ್ರಾಂತ್ಯಕ್ಕೊಂದು ಸರಕಾರಿ ಮಂಡಳಿಯೇ ಇತ್ತು. 1990ರಲ್ಲಿ ಅವುಗಳನ್ನು ಖಾಸಗಿಗೆ ಮಾರಲು ತೊಡಗಿದರು. 1990ರ ದಶಕದ ಕೊನೆಯ ಹೊತ್ತಿಗೆ ಮನೆಯ ಗ್ರಾಹಕನು ಗ್ಯಾಸನ್ನೂ ಕರೆಂಟನ್ನೂ ತನಗೆ ಬೇಕಾದ ಕಂಪನಿಯಿಂದ ಕೊಳ್ಳಬಹುದೆಂಬ ವ್ಯವಸ್ಥೆ ಬಂದಿತು.

ಈ ವ್ಯವಸ್ಥೆಯಲ್ಲಿ ಮೂರು ಕೈಗಳಿವೆ. ವಿದ್ಯುತ್ತನ್ನು ಉತ್ಪಾದಿಸುವವರು ಒಬ್ಬರು. ಕಂಬ, ತಂತಿ, ಕೊಳವೆಗಳನ್ನು ನೋಡಿಕೊಳ್ಳುವವರು ಇನ್ನೊಬ್ಬರು. ಇವರು ಆಯಾ ಪ್ರದೇಶಕ್ಕೆ ಒಬ್ಬರೇ, ಇವರನ್ನು ಗ್ರಾಹಕನು ಬದಲಾಯಿಸುವಂತಿಲ್ಲ. ಮೂರನೆಯವನೇ ಸರಬರಾಜುದಾರ. ಇವನು ಸಗಟು ಮಾರುಕಟ್ಟೆಯಲ್ಲಿ ಕೊಂಡು, ಮನೆಗಳಿಗೆ ಮಾರಿ, ಬಿಲ್ಲು ವಸೂಲು ಮಾಡುವ ವರ್ತಕ. ಅವನಿಗೆ ಸ್ವಂತ ಕಂಬವಾಗಲಿ ತಂತಿಯಾಗಲಿ ಇರಬೇಕಾಗಿಲ್ಲ. ಆದ್ದರಿಂದ ಕಂಪನಿ ಬದಲಾಯಿಸಿದರೆ ಮನೆಗೆ ಬರುವ ಕರೆಂಟು ಬದಲಾಗುವುದಿಲ್ಲ, ಬಿಲ್ಲು ಕಳುಹಿಸುವವನು ಮಾತ್ರ ಬದಲಾಗುತ್ತಾನೆ. ಅದೇ ಪ್ರಕಾರ ಸರಬರಾಜುದಾರನು ದಿವಾಳಿ ಎದ್ದರೂ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ನಮ್ಮ ಹುಡುಗಿಯ ಮೊದಲ ಭಯಕ್ಕೆ ಆಧಾರವಿರಲಿಲ್ಲವೆಂಬುದು ಇಲ್ಲಿಗೆ ಸ್ಪಷ್ಟವಾಗುತ್ತದೆ.

ಕಂಪನಿಗಳು ಮುಳುಗಿದ ಬಗೆ

ಇಂಥ ವರ್ತಕ ಕಂಪನಿ ತೆರೆಯುವುದು ಬಹುಕಾಲ ಸುಲಭವಾಗಿತ್ತು. 2018ರ ಸುಮಾರಿಗೆ ಅಂಥವು ಎಪ್ಪತ್ತರಷ್ಟಿದ್ದವು. ಹೊಸದಾಗಿ ಬರುವವರ ಹಣಬಲವನ್ನು ಬಿಗಿಯಾಗಿ ಪರೀಕ್ಷಿಸುವ ನಿಯಮವನ್ನು ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ತಂದದ್ದು 2019ರಲ್ಲಿ. ಅಷ್ಟರಲ್ಲಿ ಬಂಡವಾಳವಿಲ್ಲದ ಹಲವರು ಒಳಗೆ ಬಂದಾಗಿತ್ತು.

ಅವರ ವ್ಯಾಪಾರದ ಗುಟ್ಟು ಗ್ರಾಹಕನ ಮುಂಗಡದಲ್ಲಿತ್ತು. ಅಲ್ಲಿ ಬಹುಪಾಲು ಮನೆಗಳವರು ತಿಂಗಳಿಗಿಷ್ಟು ಎಂದು ಒಂದೇ ಮೊತ್ತವನ್ನು ಬ್ಯಾಂಕಿನಿಂದ ನೇರವಾಗಿ ಕಟ್ಟುತ್ತಾರೆ. ಇದಕ್ಕೆ ಡೈರೆಕ್ಟ್ ಡೆಬಿಟ್ ಎಂದು ಹೆಸರು. ನಮ್ಮ ಹುಡುಗಿಯ ಲೆಕ್ಕವನ್ನೇ ನೋಡಿ. ತಿಂಗಳಿಗೆ 85 ಪೌಂಡು ಕಟ್ಟುತ್ತಿದ್ದಳು. ಬೇಸಗೆಯಲ್ಲಿ ಖರ್ಚು 50 ಪೌಂಡಿನ ಆಸುಪಾಸು. ಉಳಿದ 35 ಪೌಂಡು ಕಂಪನಿಯ ಹತ್ತಿರ ಅವಳ ಹೆಸರಿನಲ್ಲಿ ಜಮೆಯಾಗುತ್ತಿತ್ತು. ಮನೆ ಬೆಚ್ಚಗಿಡಲು ಗ್ಯಾಸು ಹೆಚ್ಚು ಬೇಕಾದ ಚಳಿಗಾಲದಲ್ಲಿ ಆ ಜಮೆ ಕರಗಬೇಕು. ಅಂದರೆ ಆರು ತಿಂಗಳಲ್ಲಿ ಇನ್ನೂರು ಪೌಂಡಿಗೆ ಮೇಲ್ಪಟ್ಟು ಅವಳು ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು. ಇಂಥ ಲಕ್ಷಾಂತರ ಗ್ರಾಹಕರ ಹಣದಲ್ಲೇ ಹಲವು ಕಂಪನಿಗಳು ದಿನದ ವ್ಯವಹಾರ ನಡೆಸುತ್ತಿದ್ದವು.

2021ರಲ್ಲಿ ಗ್ಯಾಸಿನ ಸಗಟು ಧಾರಣೆ ಹಲವು ಪಟ್ಟು ಏರಿತು. ಹಿಂದಿನ ಚಳಿಗಾಲ ದೀರ್ಘವಾಗಿದ್ದು ಯೂರೋಪಿನ ದಾಸ್ತಾನು ಇಳಿದಿತ್ತು. ಕೋವಿಡ್ ನಂತರ ಬೇಡಿಕೆ ಒಮ್ಮೆಲೇ ಎದ್ದಿತು. ರಷ್ಯದಿಂದ ಬರುವ ಗ್ಯಾಸು ಸಾಲದಾಯಿತು. ಮುಂದಿನ ತಿಂಗಳುಗಳಿಗೆ ಬೇಕಾದದ್ದನ್ನು ಮೊದಲೇ ದರ ಗೊತ್ತುಮಾಡಿ ಕೊಂಡಿಟ್ಟಿದ್ದ ಕಂಪನಿಗಳು ತಡೆದುಕೊಂಡವು. ಆಯಾ ದಿನದ ಧಾರಣೆಗೆ ಕೊಂಡು ಮಾರುತ್ತಿದ್ದವರಿಗೆ ಪ್ರತಿ ಯೂನಿಟ್ಟಿಗೂ ನಷ್ಟ. ದರ ಏರಿಸೋಣವೆಂದರೆ 2019ರ ಜನವರಿಯಿಂದ ಆಫ್‌ಜೆಮ್ ವಿಧಿಸಿದ್ದ ದರಮಿತಿ ಅಡ್ಡವಿತ್ತು. ಕಡಿಮೆ ದರವನ್ನು ವರ್ಷಕ್ಕೆ ಖಾಯಂ ಮಾಡಿ ಗ್ರಾಹಕರಿಗೆ ಮಾತು ಕೊಟ್ಟಿದ್ದವರ ಪಾಡಂತೂ ಹೇಳುವಂತಿಲ್ಲ.

ಪರಿಣಾಮವಾಗಿ 2021ರ ಜುಲೈಯಿಂದ 2022ರ ಮೇ ತನಕ 29 ಕಂಪನಿಗಳು ಕೈ ಎತ್ತಿದವು. ಸುಮಾರು 40 ಲಕ್ಷ ಗ್ರಾಹಕರಿಗೆ ಅದರ ಬಿಸಿ ತಟ್ಟಿತು. ಅವುಗಳಲ್ಲಿ ಅತಿ ದೊಡ್ಡದಾದ ಬಲ್ಬ್ ಎಂಬ ಕಂಪನಿಗೆ 15 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು. ಅಷ್ಟು ಜನರನ್ನು ಒಮ್ಮೆಲೇ ಬೇರೆಡೆಗೆ ಸೇರಿಸುವುದು ಅಸಾಧ್ಯವಾಗಿ, 2021ರ ನವೆಂಬರಿನಲ್ಲಿ ಸರಕಾರದ ಹಣದಿಂದ ವಿಶೇಷ ಆಡಳಿತದ ಕೆಳಗೆ ಅದನ್ನು ನಡೆಸಬೇಕಾಯಿತು. 2022ರ ಕೊನೆಯಲ್ಲಿ ಆಕ್ಟೋಪಸ್ ಎನರ್ಜಿ ಕಂಪನಿಯು ಅದನ್ನು ವಹಿಸಿಕೊಂಡಿತು.

ಕಂಪನಿ ಮುಳುಗಿದ ದಿನ ಮಾಡಬೇಕಾದದ್ದು

ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮೂರರಲ್ಲಿಯೂ ಒಂದೇ ಕ್ರಮವಿದೆ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ. ಕಂಪನಿ ದಿವಾಳಿಯಾದ ಕೂಡಲೇ ಆಫ್‌ಜೆಮ್ ಸಂಸ್ಥೆಯು ಬೇರೊಂದು ಕಂಪನಿಯನ್ನು 'ಕೊನೆಯ ಆಸರೆಯ ಸರಬರಾಜುದಾರ' ಎಂದು ನೇಮಿಸಿ, ಗ್ರಾಹಕರೆಲ್ಲರನ್ನೂ ಅದಕ್ಕೆ ವರ್ಗಾಯಿಸುತ್ತದೆ. ಗ್ರಾಹಕನು ಅರ್ಜಿ ಹಾಕಬೇಕಾಗಿಲ್ಲ, ತಂತಿ ಕಡಿಯುವುದಿಲ್ಲ. ಮನೆಯ ಗ್ರಾಹಕನ ಜಮೆ ಹಣಕ್ಕೂ ರಕ್ಷಣೆಯಿದೆ. ಅದು ಹೊಸ ಕಂಪನಿಯ ಖಾತೆಗೆ ಬರುತ್ತದೆ. ಆದರೂ ಗ್ರಾಹಕನು ತಾನಾಗಿ ಮಾಡಬೇಕಾದ ಕೆಲಸಗಳಿವೆ.

ಒಂದು: ಸುದ್ದಿ ತಿಳಿದ ದಿನವೇ ಮೀಟರಿನ ಅಂಕಿಯನ್ನು ಬರೆದುಕೊಂಡು, ತಾರೀಖು ಸಮೇತ ಫೋಟೋ ತೆಗೆದಿಡತಕ್ಕದ್ದು. ಕರೆಂಟಿಗೆ ಒಂದು, ಗ್ಯಾಸಿಗೆ ಒಂದು. ತಾನಾಗಿಯೇ ಲೆಕ್ಕ ಕಳುಹಿಸುವ ಸ್ಮಾರ್ಟ್ ಮೀಟರು ಇದ್ದರೂ ಇದನ್ನು ಬಿಡಬಾರದು. ಹಳೆಯ ಕಂಪನಿಯ ಲೆಕ್ಕ ಎಲ್ಲಿಗೆ ಮುಗಿಯಿತು, ಹೊಸದರ ಲೆಕ್ಕ ಎಲ್ಲಿಂದ ಹಿಡಿಯಿತು ಎಂದು ಹೇಳುವ ಸಾಕ್ಷಿ ಅದೇ.

ಎರಡು: ಹಳೆಯ ಬಿಲ್ಲುಗಳನ್ನೂ, ಜಮೆ ಎಷ್ಟಿದೆಯೆಂದು ತೋರಿಸುವ ಹಾಳೆಯನ್ನೂ ತೆಗೆದು ಜೋಪಾನ ಮಾಡಬೇಕು. ಕಂಪನಿಯ ಖಾತೆ ಪುಟ ಇಂದು ತೆರೆಯುತ್ತದೆ, ನಾಳೆ ತೆರೆಯದಿರಬಹುದು.

ಮೂರು: ಹೊಸ ಕಂಪನಿಯಿಂದ ಪತ್ರ ಬರುವವರೆಗೆ ಬೇರೆ ಕಂಪನಿಗೆ ಬದಲಾಯಿಸಬಾರದು. ವರ್ಗಾವಣೆ ನಡುವೆ ಇರುವಾಗ ಇನ್ನೊಂದು ವರ್ಗಾವಣೆ ಹೂಡಿದರೆ ಎರಡು ಲೆಕ್ಕವೂ ತೊಡಕಾಗಿ ಜಮೆ ಹಣ ಕೈಗೆ ಬರುವುದು ತಡವಾಗುತ್ತದೆ. ಡೈರೆಕ್ಟ್ ಡೆಬಿಟ್ಟನ್ನೂ ಕೂಡಲೇ ರದ್ದು ಮಾಡದೆ, ಹೊಸ ಖಾತೆ ತೆರೆದದ್ದು ಖಚಿತವಾದ ಮೇಲೆ ರದ್ದು ಮಾಡುವುದು ಲೇಸು.

ನಾಲ್ಕು: ಕಾರ್ಡಿಗೋ ಕೀಲಿಗೋ ಮೊದಲೇ ಹಣ ತುಂಬುವ ಮೀಟರು ಇರುವವರು ಹೊಸದು ಬರುವವರೆಗೆ ಹಳೆಯದಕ್ಕೇ ತುಂಬುತ್ತಿರಬೇಕು. ವಿದ್ಯಾರ್ಥಿಗಳ ಬಾಡಿಗೆ ಮನೆಗಳಲ್ಲಿ ಇಂಥ ಮೀಟರುಗಳು ಇರುವುದುಂಟು.

ಐದು: ಕಂಪನಿಗೆ ನಾವು ಕೊಡಬೇಕಾದ ಬಾಕಿ ಇದ್ದರೆ ಅದು ಕಂಪನಿಯೊಂದಿಗೆ ಮುಳುಗುವುದಿಲ್ಲ. ಹೊಸ ಕಂಪನಿಯೋ ದಿವಾಳಿಯ ಆಡಳಿತಾಧಿಕಾರಿಯೋ ವಸೂಲು ಮಾಡುತ್ತಾರೆ.

ಆರು: ಇಂಥ ಗೊಂದಲದ ನಡುವೆ "ನಿಮ್ಮ ಜಮೆ ಹಣ ಕೊಡಿಸುತ್ತೇವೆ, ಬ್ಯಾಂಕಿನ ಅಂಕಿ ಹೇಳಿ" ಎಂದು ಕರೆ ಮಾಡುವ ಮೋಸಗಾರರು ಎಲ್ಲ ದೇಶದಲ್ಲಿಯೂ ಇದ್ದಾರೆ. ಅವರಿಗೆ ಏನನ್ನೂ ಹೇಳಬಾರದು. ಸಂಶಯ ಬಂದರೆ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ ಉಚಿತವಾಗಿ ಸಲಹೆ ಕೊಡುತ್ತದೆ.

ಅನಂತರ ಬದಲಾಯಿಸುವ ಕ್ರಮ

ಕೊನೆಯ ಆಸರೆಯ ಕಂಪನಿಯಲ್ಲಿಯೇ ಉಳಿಯಬೇಕೆಂಬ ಕಟ್ಟುಪಾಡಿಲ್ಲ. ಖಾತೆ ತೆರೆದ ಮೇಲೆ ಹೊರಡುವ ಶುಲ್ಕವಿಲ್ಲದೆ ಹೊರಡಬಹುದು. ಮುಳುಗಿದ ಕಂಪನಿ ಕೊಟ್ಟಿದ್ದ ಅಗ್ಗದ ದರ ಅಲ್ಲಿ ಮುಂದುವರಿಯುವುದಿಲ್ಲವಾದ್ದರಿಂದ ಹೊಸ ದರ ಎಷ್ಟೆಂದು ಕೇಳಿ ತಿಳಿದುಕೊಳ್ಳುವುದು ಅಗತ್ಯ. ಬಿಲ್ಲು ಕಟ್ಟುವವನು ಬಾಡಿಗೆದಾರನೇ ಆಗಿದ್ದರೆ ಬದಲಾಯಿಸುವ ಹಕ್ಕು ಅವನಿಗೂ ಉಂಟು.

ಬದಲಾಯಿಸುವಾಗ ಹೋಲಿಸಬೇಕಾದದ್ದು ಮೂರು: ಯೂನಿಟ್ಟಿನ ದರ, ಬಳಸಲಿ ಬಿಡಲಿ ದಿನಕ್ಕೆ ಇಷ್ಟೆಂದು ಬೀಳುವ ನಿಗದಿ ಶುಲ್ಕ, ಮತ್ತು ಅವಧಿಗೆ ಮೊದಲೇ ಬಿಟ್ಟರೆ ತೆರಬೇಕಾದ ದಂಡ. "ತಿಂಗಳಿಗೆ ಇಷ್ಟೇ ಪೌಂಡು" ಎಂಬ ಜಾಹೀರಾತು ಅಂದಾಜು ಮಾತ್ರ. ವರ್ಷಕ್ಕೆ ತಮ್ಮ ಮನೆಗೆ ಎಷ್ಟು ಯೂನಿಟ್ಟು ಬೇಕು ಎಂಬುದನ್ನು ಹಳೆಯ ಬಿಲ್ಲಿನಿಂದ ತೆಗೆದು ಗುಣಿಸಿ ನೋಡಬೇಕು. ಒಪ್ಪಿಗೆ ಕೊಟ್ಟ ಮೇಲೂ ಮನಸ್ಸು ಬದಲಾದರೆ 14 ದಿನಗಳೊಳಗೆ ಹಿಂತೆಗೆಯಬಹುದು. 2022ರಿಂದ ಈಚೆಗೆ ಬದಲಾವಣೆ ಐದು ಕೆಲಸದ ದಿನಗಳಲ್ಲಿ ಮುಗಿಯಬೇಕೆಂದು ನಿಯಮವಾಗಿದೆ. ಬಿಟ್ಟ ಕಂಪನಿಯು ಆರು ವಾರಗಳೊಳಗೆ ಕೊನೆಯ ಬಿಲ್ಲು ಕೊಡತಕ್ಕದ್ದು. ದೂರು ಕೊಟ್ಟು ಎಂಟು ವಾರವಾದರೂ ಬಗೆಹರಿಯದಿದ್ದರೆ ಎನರ್ಜಿ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು.

ಆದರೆ ಒಂದು ಮಾತು ಗಮನಿಸಬೇಕು. 2021ರ ಕೊನೆಯಲ್ಲಿ ನಮ್ಮ ಹುಡುಗಿ ಎಷ್ಟು ಹುಡುಕಿದರೂ ದರಮಿತಿಗಿಂತ ಅಗ್ಗದ ಕಂಪನಿ ಸಿಗಲಿಲ್ಲ. ಹೊಸ ಗ್ರಾಹಕರು ಯಾರಿಗೂ ಬೇಕಾಗಿರಲಿಲ್ಲ, ಒಬ್ಬೊಬ್ಬ ಹೊಸಬನೂ ಕಂಪನಿಗೆ ನಷ್ಟವೇ. ಆಯ್ಕೆಯ ಸ್ವಾತಂತ್ರ್ಯ ಕಾಗದದ ಮೇಲೆ ಇತ್ತು, ಬೇಕಾದ ಹೊತ್ತಿಗೆ ಅಂಗಡಿಯಲ್ಲಿ ಇರಲಿಲ್ಲ. ಸಾಧಾರಣ ಮನೆಯೊಂದರ ವರ್ಷದ ಬಿಲ್ಲಿನ ಲೆಕ್ಕದಲ್ಲಿ 2021ರ ಅಕ್ಟೋಬರಿನಲ್ಲಿ 1,277 ಪೌಂಡಿದ್ದ ದರಮಿತಿ 2022ರ ಏಪ್ರಿಲಿನಲ್ಲಿ 1,971ಕ್ಕೆ ಏರಿತು. ಯುಕ್ರೇನ್ ಯುದ್ಧದ ಬಳಿಕ ಇನ್ನೂ ಏರಿ, 2022ರ ಅಕ್ಟೋಬರಿನಿಂದ ಸರಕಾರವೇ ಹಣ ಸುರಿದು ಅದನ್ನು 2,500ರ ಮಟ್ಟದಲ್ಲಿ ಹಿಡಿಯಬೇಕಾಯಿತು. ಆ ಅವಧಿಯಲ್ಲಿ ಇದ್ದಲ್ಲೇ ಇದ್ದವರೇ ಜಾಣರೆನಿಸಿಕೊಂಡರು. ಅವಳ ಜಮೆ 214 ಪೌಂಡು ಎರಡೂವರೆ ತಿಂಗಳ ಮೇಲೆ ಹೊಸ ಖಾತೆಗೆ ಬಂದಿತು. ಮೊದಲು ಅವರು ತೋರಿಸಿದ್ದು 160 ಪೌಂಡು. ಮೀಟರಿನ ಫೋಟೋ ಕಳುಹಿಸಿದ ಮೇಲೆ ಲೆಕ್ಕ ಸರಿಯಾಯಿತು. ಮಾರುಕಟ್ಟೆ ಶಾಂತವಾದ ಬಳಿಕ, 2023ರಲ್ಲಿ, ಲೆಕ್ಕ ಹಾಕಿ ನೋಡಿ ಬೇರೆ ಕಂಪನಿಗೆ ಹೋದಳು.

ನಷ್ಟವನ್ನು ತೆತ್ತವರು ಯಾರು?

ಗ್ರಾಹಕನ ಜಮೆ ಉಳಿಯಿತು, ದೀಪ ಉರಿಯಿತು. ಹಾಗಾದರೆ ಮುಳುಗಿದ ಹಣ ಎಲ್ಲಿಂದ ಬಂದಿತು? ಕೊನೆಯ ಆಸರೆಯ ಕಂಪನಿಗಳಿಗೆ ಆದ ಖರ್ಚನ್ನು ದೇಶದ ಎಲ್ಲ ಮನೆಗಳ ಬಿಲ್ಲಿನ ಮೇಲೆ ಹಂಚಲಾಯಿತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು 2022ರ ಜೂನಿನಲ್ಲಿ ಇದನ್ನು 270 ಕೋಟಿ ಪೌಂಡು, ಅಂದರೆ ಮನೆಯೊಂದಕ್ಕೆ ಸುಮಾರು 94 ಪೌಂಡು ಎಂದು ಅಂದಾಜು ಮಾಡಿತು. ಬಲ್ಬ್ ಕಂಪನಿಯ ಖರ್ಚು ಅದರಲ್ಲಿ ಸೇರಿಲ್ಲ. ಅಗ್ಗದ ಕಂಪನಿಯ ಕಡೆ ತಲೆಯೆತ್ತಿಯೂ ನೋಡದೆ ಹಳೆಯ ಕಂಪನಿಯಲ್ಲೇ ಇದ್ದ ಮುದುಕಿಯೂ ಅದರ ಪಾಲು ತೆತ್ತಳು. ಈ ಅನುಭವದ ಮೇಲೆ, ಕಂಪನಿಗಳು ಗ್ರಾಹಕರ ಸಂಖ್ಯೆಗೆ ತಕ್ಕಷ್ಟು ಸ್ವಂತ ಬಂಡವಾಳ ಇಟ್ಟಿರಬೇಕೆಂಬ ನಿಯಮವನ್ನು ಆಫ್‌ಜೆಮ್ 2025ರ ಮಾರ್ಚಿ ಕೊನೆಯಿಂದ ಜಾರಿಗೆ ತಂದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಬಹುದು. ಆದರೂ ಹಾಕದೆ ಬಿಡುವುದಕ್ಕಿಂತ ವಾಸಿ.

ನಮಗೆ ಇದರಲ್ಲಿರುವ ಪಾಠ

ಈಗ ನನ್ನ ಹಳೆಯ ಅನುಭವವನ್ನು ಹೇಳುತ್ತೇನೆ. 1942ರ ಕಾಫಿ ಕಾಯ್ದೆಯಂತೆ ನಮ್ಮ ಹಿರಿಯರು ಬೆಳೆದದ್ದನ್ನು ಮಂಡಳಿಯ ಪೂಲಿಗೆ ಹಾಕಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದರು. ಹಣ ತಡವಾದರೂ ಬರುವುದಂತೂ ಖಂಡಿತ. 1990ರ ದಶಕದಲ್ಲಿ ಹಂತಹಂತವಾಗಿ ಮಾರುಕಟ್ಟೆ ತೆರೆದು, 1996ಕ್ಕೆ ಬೆಳೆಗಾರನು ತನ್ನ ಕಾಫಿಯನ್ನೆಲ್ಲ ಬೇಕಾದವರಿಗೆ ಮಾರಬಹುದೆಂದಾಯಿತು. ಅದರಿಂದ ನಮಗೆ ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಗ ಡಿಗ್ರಿ ಮುಗಿಸಿ ತೋಟಕ್ಕೆ ಬಂದಿದ್ದ ನನಗೆ ಸ್ವಾತಂತ್ರ್ಯದ ಒಂದು ಮುಖ ಮಾತ್ರ ಕಾಣುತ್ತಿತ್ತು. 1999ರಲ್ಲಿ ಒಬ್ಬ ವರ್ತಕರು ಚೀಲಕ್ಕೆ ಇತರರಿಗಿಂತ ನಲವತ್ತು ರೂಪಾಯಿ ಹೆಚ್ಚು ಕೊಡುತ್ತೇನೆಂದರು. ದರ ಏರಿದ ಮೇಲೆ ಗೊತ್ತುಮಾಡೋಣವೆಂದು ಐವತ್ತೆರಡು ಚೀಲ ಚೆರಿಯನ್ನು ಅವರ ಗೋದಾಮಿಗೆ ಹಾಕಿದೆ. ಯುಗಾದಿಯ ಹೊತ್ತಿಗೆ ಗೋದಾಮಿಗೆ ಬೀಗ ಬಿದ್ದಿತ್ತು.

ನನಗೆ ಕೊನೆಯ ಆಸರೆಯ ಕೊಳ್ಳುಗನನ್ನು ಯಾರೂ ನೇಮಿಸಲಿಲ್ಲ. ಊರ ಹಿರಿಯರು ಕೂತು ಪಂಚಾಯಿತಿ ಮಾಡಿ, ತೂಕದ ಚೀಟಿ ಇದ್ದವರಿಗೆ ಇದ್ದಷ್ಟರಲ್ಲಿ ಪಾಲು ಕೊಡಿಸಿದರು. ಮೂವತ್ತು ಚೀಲಕ್ಕೆ ನನ್ನ ಹತ್ತಿರ ಚೀಟಿಯಿತ್ತು. ಕೊನೆಯ ಎರಡು ಜೀಪು ಹೊರೆಗೆ, ಅಂದರೆ ಇಪ್ಪತ್ತೆರಡು ಚೀಲಕ್ಕೆ, "ನಂಬಿಕೆಯವರಲ್ಲವೇ" ಎಂದು ಚೀಟಿ ಕೇಳಿರಲಿಲ್ಲ. ಆ ಇಪ್ಪತ್ತೆರಡು ಚೀಲ ಹೋದವು. ಆ ವರ್ಷ ಅಪ್ಪಯ್ಯನ ಕಣ್ಣಿನ ಆಪರೇಷನ್ನು ಮುಂದೂಡಬೇಕಾಯಿತು. ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಲೀಡ್ಸಿನಿಂದ ಫೋನು ಬಂದ ರಾತ್ರಿ ಮೀಟರಿನ ಅಂಕಿ ಬರೆದುಕೋ ಎಂದು ನನ್ನ ಬಾಯಿಂದ ಮೊದಲು ಬಂದದ್ದು ಈ ಕಾರಣದಿಂದ.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಮ್ಮದು. ಕೋಡಂಗಿಯಾಗದಿರಬೇಕಾದರೆ ಮುಂದಾಗಿ ಕೊಡುವ ಮೊದಲು ಮೂರು ಸಂಗತಿ ನೋಡಬೇಕು. ದರ ಎಷ್ಟು ಎಂಬುದಕ್ಕಿಂತ ಮೊದಲು, ಕೊಳ್ಳುವವನ ಸ್ವಂತ ಬಂಡವಾಳ ಎಷ್ಟು ಎಂದು ವಿಚಾರಿಸುವುದು. ಕೊಟ್ಟದ್ದಕ್ಕೆಲ್ಲ ಆ ದಿನವೇ ಚೀಟಿ ಪಡೆಯುವುದು. ಬೇರೆಯವರ ಕೈಯಲ್ಲಿ ನಮ್ಮದು ಎಷ್ಟು ನಿಂತಿದೆ ಎಂಬುದಕ್ಕೆ ಒಂದು ಮಿತಿಯಿಟ್ಟು, ಅದು ಮೀರುವ ಮೊದಲೇ ದರ ಗೊತ್ತುಮಾಡಿ ಹಣ ಪಡೆಯುವುದು. ನಮ್ಮ ಸಂಘಕ್ಕೂ ಈ ಮಾತು ಅನ್ವಯಿಸುತ್ತದೆ. ಸಂಘದ ಆಸ್ತಿ ಜವಾಬ್ದಾರಿ ತಖ್ತೆಯನ್ನು ಮಹಾಸಭೆಯ ದಿನ ಊಟದ ಎಲೆಯ ಕೆಳಗೆ ಹಾಸದೆ ಓದಿ, ಪ್ರಶ್ನೆ ಕೇಳಬೇಕೆಂದು ವಿನಂತಿ. ಉತ್ತರ ಹೇಳುವುದು ಕಾರ್ಯದರ್ಶಿಯ ಕರ್ತವ್ಯ.

ಮಕ್ಕಳು ಬ್ರಿಟನ್ನಿನಲ್ಲಿರುವ ಸದಸ್ಯರು ಈ ಪಾಠದ ಆರು ಅಂಶಗಳನ್ನು ಅವರಿಗೆ ಓದಿ ಹೇಳಲಿ. ಮುಳುಗುವ ಕಂಪನಿ ಮುನ್ಸೂಚನೆ ಕೊಟ್ಟು ಮುಳುಗುವುದಿಲ್ಲ. ಪ್ರತಿ ತಿಂಗಳ ಒಂದನೇ ತಾರೀಖು ಮೀಟರಿನ ಅಂಕಿ ಬರೆದಿಡುವ ಅಭ್ಯಾಸಕ್ಕೆ ಎರಡು ನಿಮಿಷ ಸಾಕು.

ಗ್ರಾಮ ಸಭೆಗಳಲ್ಲಿ ಚರ್ಚೆಗೆ ಪ್ರಶ್ನೆಗಳು

1. ಸರಬರಾಜುದಾರನು ದಿವಾಳಿಯಾದರೂ ಮನೆಯ ದೀಪ ಆರದಿರಲು ಕಾರಣವೇನು?

2. ಗ್ರಾಹಕನ ಜಮೆ ಹಣ ಚಳಿಗಾಲದ ಮುಂಚೆ ಅತಿ ಹೆಚ್ಚಾಗಿರುವುದೇಕೆ? ನಮ್ಮ ಮಾಲು ವರ್ತಕರ ಹತ್ತಿರ ಅತಿ ಹೆಚ್ಚಾಗಿ ನಿಂತಿರುವುದು ಯಾವ ತಿಂಗಳಲ್ಲಿ?

3. ಈ ಹೊತ್ತು ನಿಮ್ಮ ಕಾಫಿ, ಅಡಿಕೆ ಎಷ್ಟು ಚೀಲ ಬೇರೆಯವರ ಗೋದಾಮಿನಲ್ಲಿದೆ? ಅಷ್ಟಕ್ಕೂ ಚೀಟಿ ಇದೆಯೇ? ಮನೆಗೆ ಹೋಗಿ ಪೆಟ್ಟಿಗೆ ತೆಗೆದು ನೋಡಿ ಉತ್ತರ ಹೇಳಿ.